ಸೋಮು ಎರಡನೇ ಸಲ ವಾಪಸ್ ಬಂದಿದ್ದಾನೆ. ದೊಡ್ಡ ನಾಯಿಗೆ ಉಳಿಯುವ ಮನೆ ಹುಡುಕುವುದು ಹೇಗೆ?

ಒರಗುಗೋಡೆ

ನಿನ್ನೆ ರಾತ್ರಿ ಒಂಬತ್ತೂವರೆಗೆ ಸೋಮು ವಾಪಸ್ ಬಂದ. ಇದು ಎರಡನೇ ಸಲ. ಕಾರಿನ ಬಾಗಿಲು ತೆಗೆದರೂ ಇಳಿಯಲಿಲ್ಲ. ಸೀಟಿನ ಅಂಚಿಗೆ ಗದ್ದ ಊರಿ ಗೇಟನ್ನೇ ನೋಡುತ್ತಿದ್ದ. ಹೆಸರು ಹಿಡಿದು ಕರೆದ ಮೇಲೆ ನಿಧಾನಕ್ಕೆ ಇಳಿದು ಬಂದು, ಯಾವಾಗಲೂ ಮಾಡುವ ಹಾಗೆ ಇಡೀ ಮೈಯನ್ನು ನನ್ನ ತೊಡೆಗೆ ಒರಗಿಸಿ ನಿಂತುಬಿಟ್ಟ. 46 ಕೆಜಿ ನಾಯಿ ಒರಗಿದರೆ ನಾವು ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ.

ಬಿಟ್ಟು ಹೋದವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಳುತ್ತಲೇ ಹೋದರು. ಅವನ ಬಟ್ಟಲು, ಹಾಸಿಗೆ, ಅರ್ಧ ಕಡಿದ ರಬ್ಬರ್ ಚೆಂಡು ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಕೊಟ್ಟರು.

ಸೋಮು ಮ್ಯಾಸ್ಟಿಫ್ ಮಿಶ್ರತಳಿ, ಸುಮಾರು ಮೂರು ವರ್ಷ. ಮನೆಯವರು ಖಾಲಿ ಮಾಡಿಕೊಂಡು ಹೋಗುವಾಗ ಹಿತ್ತಿಲಲ್ಲಿ ಕಟ್ಟಿಹಾಕಿ ಹೋಗಿದ್ದರು. ನಮ್ಮ ಹತ್ತಿರ ಬಂದಾಗ 29 ಕೆಜಿ ಇದ್ದ. ಪಕ್ಕೆಲುಬು ಎಣಿಸಬಹುದಿತ್ತು. ಅಷ್ಟು ಹಸಿದ ನಾಯಿಗೆ ಒಂದೇ ಸಲ ಹೊಟ್ಟೆ ತುಂಬ ಹಾಕಿದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಸತ್ತೇಹೋಗಬಹುದು. ಅದಕ್ಕೇ ಮೊದಲ ಹತ್ತು ದಿನ ಡಾಕ್ಟರ್ ಹೇಳಿದ ಅಳತೆಯಲ್ಲಿ, ದಿನಕ್ಕೆ ಆರು ಸಲ, ಒಂದೊಂದು ಹಿಡಿ ಕೊಡುತ್ತಾ ಬಂದೆವು. ಅವನು ಖಾಲಿ ಬಟ್ಟಲು ನೆಕ್ಕುವುದನ್ನು ನೋಡಿಕೊಂಡು ಇನ್ನೊಂದು ಹಿಡಿ ಹಾಕದೆ ಕೂರುವುದು ನನಗೆ ತುಂಬಾ ಕಷ್ಟವಾಯಿತು.

ಮೊದಲ ಮನೆಯಲ್ಲಿ 11 ದಿನ ಇದ್ದ. ವಾಕಿಂಗ್‌ನಲ್ಲಿ ಬೆಕ್ಕು ಕಂಡು ಎಳೆದ, ಬೆಲ್ಟ್ ಹಿಡಿದಿದ್ದ ಅಜ್ಜಿ ಬಿದ್ದು ಮಣಿಕಟ್ಟು ಮುರಿಯಿತು. ಎರಡನೇ ಮನೆಯಲ್ಲಿ ಏಳು ವಾರ. ಇಬ್ಬರೂ ಕೆಲಸಕ್ಕೆ ಹೋಗುವವರು. ಒಬ್ಬನೇ ಆದ ಕೂಡಲೇ ಅಳುತ್ತಿದ್ದ, ಬಾಗಿಲಿನ ಕೆಳಗಿನ ಪಟ್ಟಿಯನ್ನು ಕೆರೆದು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಂಡಿದ್ದ. ಪಕ್ಕದ ಮನೆಯವರು ಮೂರು ಸಲ ಬಂದು ಜಗಳ ಮಾಡಿದರು.

ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದರೆ ಎರಡೂ ನನಗೆ ಗೊತ್ತಿತ್ತು. ಬೆಕ್ಕು ಕಂಡರೆ ಎಳೆಯುತ್ತಾನೆ ಅಂತ ಗೊತ್ತಿತ್ತು. ಒಬ್ಬನೇ ಇರಲಾರ ಅಂತ ಗೊತ್ತಿತ್ತು. ಜಾಹೀರಾತಿನಲ್ಲಿ ಬರೆದದ್ದು ಮಾತ್ರ "ತುಂಬಾ ಮುದ್ದು ಸ್ವಭಾವ, ಮಕ್ಕಳ ಜೊತೆ ಚೆನ್ನಾಗಿರುತ್ತಾನೆ, ಪ್ರೀತಿಸುವ ಮನೆ ಬೇಕು" ಅಂತ. ಸುಳ್ಳಲ್ಲ, ಆದರೆ ಅರ್ಧ ಹೇಳಿ ಅರ್ಧ ನುಂಗಿದೆ. ಬೇಗ ಮನೆ ಸಿಗಲಿ ಅನ್ನುವ ಆಸೆ. ಅದರ ಬೆಲೆ ಅಜ್ಜಿಯ ಕೈ ಕೊಟ್ಟಿತು, ಸೋಮುವಿನ ಉಗುರು ಕೊಟ್ಟಿತು.

ಆರು ವರ್ಷದಿಂದ ದೊಡ್ಡ ನಾಯಿಗಳನ್ನೇ ಫಾಸ್ಟರ್ ಮಾಡುತ್ತಿದ್ದೇನೆ, ಅಂದರೆ ಕಾಯಂ ಮನೆ ಸಿಗುವವರೆಗೆ ನನ್ನ ಮನೆಯಲ್ಲಿಟ್ಟುಕೊಂಡು ಸಾಕುವುದು. ಚಿಕ್ಕ ನಾಯಿಯ ತಪ್ಪನ್ನು ಮನೆಯವರು ನಕ್ಕು ಸಹಿಸಿಕೊಳ್ಳುತ್ತಾರೆ. ಅದೇ ತಪ್ಪು 46 ಕೆಜಿ ನಾಯಿ ಮಾಡಿದರೆ ಯಾರದ್ದೋ ಮೂಳೆ ಮುರಿಯುತ್ತದೆ. ನಿಮ್ಮಲ್ಲಿ ದೊಡ್ಡ ನಾಯಿಗಳನ್ನು ಕೊಟ್ಟವರು, ತಂದವರು, ವಾಪಸ್ ಕೊಟ್ಟವರು ಇದ್ದರೆ ದಯವಿಟ್ಟು ಬರೆಯಿರಿ. ಮೂರನೇ ಸಲ ಅವನನ್ನು ಕಾರಿನಿಂದ ಇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ಉದ್ದಬಾಲ

ಅಕ್ಕಾ, ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ಆದರೆ ನೀವು ಕಾರಣವನ್ನು ಸರಿಯಾಗಿ ಹಿಡಿದಿದ್ದೀರಿ. ನಮ್ಮ ಗುಂಪಿನಲ್ಲಿ ವಾಪಸ್ ಬಂದ ನಾಯಿಗಳ ಫೈಲು ತೆಗೆದು ನೋಡಿದಾಗ ನಮಗೂ ಇದೇ ಕಂಡಿತು. ಹೊಸ ಮನೆಯಲ್ಲಿ ನಾಯಿ ಹೊಸ ತೊಂದರೆ ಶುರುಮಾಡಿದ್ದು ಕಡಿಮೆ. ಫಾಸ್ಟರ್ ಮನೆಯಲ್ಲಿ ಗೊತ್ತಿದ್ದು ಹೇಳದೆ ಬಿಟ್ಟದ್ದೇ ಜಾಸ್ತಿ.

ಈಗ ಜಾಹೀರಾತಿನಲ್ಲಿ ಗುಣಗಾನ ಬರೆಯುವುದನ್ನೇ ಬಿಟ್ಟಿದ್ದೇವೆ. ನಾಯಿಯ ಒಂದು ದಿನ ಬರೆಯುತ್ತೇವೆ. ಎಷ್ಟು ಗಂಟೆಗೆ ಏಳುತ್ತದೆ, ಎಲ್ಲಿ ಮಲಗುತ್ತದೆ, ಬಾಗಿಲು ಬಡಿದರೆ ಏನು ಮಾಡುತ್ತದೆ, ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದಾ, ಗುಡುಗು ಬಂದರೆ ಎಲ್ಲಿ ಅಡಗಿಕೊಳ್ಳುತ್ತದೆ. ಇದನ್ನು ಓದಿದವರಿಗೆ ತಮ್ಮ ಮನೆಯೊಳಗೆ ಆ ನಾಯಿ ಓಡಾಡುವುದು ಕಣ್ಣಿಗೆ ಕಟ್ಟುತ್ತದೆ. ಬೇಡ ಅನ್ನುವವರು ಅಲ್ಲೇ ಬೇಡ ಅಂದುಕೊಳ್ಳುತ್ತಾರೆ, ನಾಯಿ ಹೋಗಿ ಬಂದ ಮೇಲೆ ಅಲ್ಲ.

ಫೋಟೋ ಬಗ್ಗೆ ಒಂದು ಮಾತು. ನಿಂತುಕೊಂಡು ಮೇಲಿಂದ ತೆಗೆದರೆ ನಾಯಿ ಕಣ್ಣು ಮೇಲೆತ್ತಿ ಕೆರಳಿದ ಹಾಗೆ ಕಾಣುತ್ತದೆ. ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯಿರಿ. ಸರಪಳಿ, ಕಬ್ಬಿಣದ ಸರಳು ಕಾಣಬಾರದು. ಮನುಷ್ಯರ ಪಕ್ಕ ನಿಂತ ಒಂದು ಫೋಟೋ ಇರಲೇಬೇಕು, ಇಲ್ಲದಿದ್ದರೆ ಗಾತ್ರ ಗೊತ್ತಾಗುವುದಿಲ್ಲ, ಬಂದವರು ಗೇಟಿನ ಹತ್ತಿರವೇ ಬೆಚ್ಚಿ ನಿಲ್ಲುತ್ತಾರೆ. ಕಪ್ಪು ನಾಯಿಯನ್ನು ಮನೆಯೊಳಗೆ ತೆಗೆಯಬೇಡಿ, ಕಣ್ಣೇ ಕಾಣುವುದಿಲ್ಲ. ಬೆಳಗಿನ ಬೆಳಕಿಗೆ ಕರೆದುಕೊಂಡು ಹೋಗಿ.

ಅವನ ಹೆಸರು ಮೊದಲಿನಿಂದಲೂ ಸೋಮುನಾ?

ಒರಗುಗೋಡೆ

ಇಲ್ಲ. ಪಕ್ಕದ ಮನೆಯವರು ಹೇಳಿದ ಪ್ರಕಾರ ಟೈಗರ್ ಅಂತ ಇತ್ತಂತೆ. ಹಾಗೆ ಕರೆದರೆ ಬಾಲ ಒಳಗೆ ಸೇರಿಸಿಕೊಳ್ಳುತ್ತಿದ್ದ. ಎರಡನೇ ದಿನವೇ ಬದಲಾಯಿಸಿದೆ.

ಉದ್ದಬಾಲ

ಒಳ್ಳೆಯ ಕೆಲಸ. ಟೈಗರ್, ಕಿಲ್ಲರ್, ರಾವಣ ಅಂತ ಹೆಸರಿರುವ ನಾಯಿಗೆ ಬರುವ ಫೋನೇ ಬೇರೆ. ಕಾವಲಿಗೆ ಬೇಕು ಅನ್ನುವವರು, ಕಚ್ಚುತ್ತದಾ ಅಂತ ಆಸೆಯಿಂದ ಕೇಳುವವರು. ಅವರಿಗೆ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? "ಹೊರಗೆ" ಅಂದರೆ ಮಾತು ಅಲ್ಲಿಗೆ ಮುಗಿಯಿತು. ಸಂತಾನಹರಣ ಆಪರೇಷನ್ ಆಗಿದೆಯಾ ಅಂತ ಕೇಳಿ, ಆಗಿದೆ ಅಂದ ಕೂಡಲೇ ಫೋನ್ ಇಡುವವರಿಗೆ ಮರಿ ಹಾಕಿಸುವ ಲೆಕ್ಕ ಇರುತ್ತದೆ.

ಮೂರನೇಮಹಡಿ

ನಾನು ಬೇರೆ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಗ್ರೇಟ್ ಡೇನ್ ಇದ್ದಾಳೆ, 52 ಕೆಜಿ, ಮೂರನೇ ಮಹಡಿ, ಎರಡು ಕೋಣೆಯ ಮನೆ. ಇವಳು ಸಿಗುವ ಮೊದಲು ನಾಲ್ಕು ಕಡೆ ಅರ್ಜಿ ಹಾಕಿದ್ದೆವು, ನಾಲ್ಕೂ ಕಡೆ "ಅಪಾರ್ಟ್‌ಮೆಂಟ್ ಆದರೆ ಕೊಡುವುದಿಲ್ಲ" ಅಂದರು. ಮುಂದೆ ಒಂದು ಮಾತೂ ಕೇಳಲಿಲ್ಲ. ಐದನೆಯವರು ಮಾತ್ರ ಮನೆಗೆ ಬಂದು ಕೂತು ನಮ್ಮ ದಿನಚರಿ ಕೇಳಿದರು.

ಕಾಂಪೌಂಡ್ ಇದ್ದರೆ ನಾಯಿ ಸುಖವಾಗಿರುತ್ತದೆ ಅಂತ ಯಾಕೆ ಅಂದುಕೊಳ್ಳುತ್ತಾರೋ ನನಗೆ ಇನ್ನೂ ಅರ್ಥವಾಗಿಲ್ಲ. ಸೋಮುವನ್ನು ಕಟ್ಟಿಹಾಕಿ ಹೋದದ್ದೂ ಕಾಂಪೌಂಡ್ ಇರುವ ಮನೆಯಲ್ಲೇ ಅಲ್ವಾ? ಅಂಗಳ ಇದ್ದವರು ಬಾಗಿಲು ತೆಗೆದು ಬಿಟ್ಟು ಸುಮ್ಮನಾಗುತ್ತಾರೆ. ನಮಗೆ ಆ ದಾರಿ ಇಲ್ಲ, ದಿನಕ್ಕೆ ಮೂರು ಸಲ ಜೊತೆಯಲ್ಲಿ ಇಳಿಯಲೇಬೇಕು. ಡೇನ್‌ಗಳು ದೊಡ್ಡವಾದ ಮೇಲೆ ದಿನದ ಬಹುಪಾಲು ಮಲಗಿಯೇ ಇರುತ್ತವೆ. ಗ್ರೇಹೌಂಡ್ ಕೂಡ ಹಾಗೇ, ಓಟದ ನಾಯಿ ಅಂತ ಹೆದರುತ್ತಾರೆ, ಮನೆಯಲ್ಲಿ ನೋಡಿದರೆ ಸೋಫಾ ಬಿಟ್ಟು ಏಳುವುದಿಲ್ಲ. ಅದೇ ಮ್ಯಾಲಮ್ಯೂಟ್‌ನಂಥ ಎಳೆಯುವ ಕೆಲಸಕ್ಕೆ ಬೆಳೆಸಿದ ನಾಯಿಗೆ ಎಷ್ಟು ದೊಡ್ಡ ಅಂಗಳ ಇದ್ದರೂ ಸಾಲದು. ಹಿಂಡು ಕಾಯುವ ಪಿರೆನೀಸ್ ಥರದವು ರಾತ್ರಿಯಿಡೀ ಬೊಗಳುತ್ತವೆ. ಅದು ಅವುಗಳ ಕೆಲಸ, ಹತ್ತಿರ ಹತ್ತಿರ ಮನೆಗಳಿರುವ ಕಡೆ ಕೊಟ್ಟರೆ ವಾಪಸ್ ಗ್ಯಾರಂಟಿ. ಮನೆ ಎಷ್ಟು ದೊಡ್ಡದು ಅಂತ ಕೇಳುವುದಕ್ಕಿಂತ ಮನೆಯಲ್ಲಿ ಹಗಲು ಯಾರು ಇರುತ್ತಾರೆ ಅಂತ ಕೇಳಿ.

ಆದರೆ ಮೆಟ್ಟಿಲಿನ ವಿಷಯ ನಿಜ. ಲಿಫ್ಟ್ ಕೆಟ್ಟ ದಿನ, ಕಾಲು ನೋವಾದ ದಿನ ಅವಳನ್ನು ಹೇಗೆ ಇಳಿಸುತ್ತೀರಿ ಅಂತ ಆ ಐದನೆಯವರು ಕೇಳಿದ್ದರು. ನಮ್ಮ ಬಳಿ ಉತ್ತರ ಇರಲಿಲ್ಲ. ಹೊಟ್ಟೆಯ ಕೆಳಗೆ ಹಾಕಿ ಎತ್ತುವ ಹಿಡಿಕೆಯ ಪಟ್ಟಿ ತಂದು, ಇಬ್ಬರು ಸೇರಿ ಎತ್ತಿ ಇಳಿಸಿ ತೋರಿಸಿದ ಮೇಲೆ ಕೊಟ್ಟರು. ಆವತ್ತು ಬೇಜಾರಾಗಿತ್ತು. ಈಗ ಅವರಿಗೆ ಕೈ ಮುಗಿಯುತ್ತೇನೆ.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಕಾಗದದಲ್ಲಿ ಇರಲಿ, ನಾಯಿಯ ತಳಿ, ತೂಕ ಬರೆದು. "ನಾಯಿ ಸಾಕಬಹುದು" ಅಂತ ಬಾಯಿಮಾತಲ್ಲಿ ಹೇಳಿದ ಓನರ್ ಮನಸ್ಸಿನಲ್ಲಿ ಇದ್ದದ್ದು ಮಡಿಲಲ್ಲಿ ಕೂರುವ ನಾಯಿ.

ಔಷಧಿಡಬ್ಬಿ

ನಾನು ನಾಯಿ ಆಸ್ಪತ್ರೆಯಲ್ಲಿ ಸಹಾಯಕಿ. ದೊಡ್ಡ ನಾಯಿ ತಂದವರು ಬಿಲ್ ನೋಡಿ ಮುಖ ಬಾಡಿಸುವುದನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತೇನೆ. ಜಂತು ಮಾತ್ರೆ, ಉಣ್ಣಿಗೆ ಹಾಕುವ ಔಷಧಿ, ಆಂಟಿಬಯಾಟಿಕ್, ಅರಿವಳಿಕೆ ಎಲ್ಲವೂ ತೂಕದ ಲೆಕ್ಕ. ಹತ್ತು ಕೆಜಿ ನಾಯಿಗೆ ಒಂದು ಮಾತ್ರೆಯಾದರೆ ಐವತ್ತು ಕೆಜಿಗೆ ಐದು. ಇದನ್ನು ಕೊಡುವ ಮೊದಲೇ ಕೂರಿಸಿಕೊಂಡು ಹೇಳಬೇಕು.

ಇನ್ನೊಂದನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಲು ಹೇಳಿ. ಎದೆ ಆಳವಾಗಿರುವ ದೊಡ್ಡ ತಳಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ, ಡೇನ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ವಾಂತಿ ಮಾಡಲು ನೋಡುತ್ತದೆ, ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರುವುದಿಲ್ಲ, ಹೊಟ್ಟೆ ಡೋಲಿನ ಹಾಗೆ ಬಿಗಿಯುತ್ತದೆ. ಬೆಳಿಗ್ಗೆ ನೋಡೋಣ ಅಂದರೆ ಬೆಳಿಗ್ಗೆ ನಾಯಿ ಇರುವುದಿಲ್ಲ. ಕೆಲವೇ ಗಂಟೆ ಸಮಯ, ಆಪರೇಷನ್ ಆಗಲೇಬೇಕು. ಅಪಾಯ ಜಾಸ್ತಿ ಇರುವ ತಳಿಯಾದರೆ ಸಂತಾನಹರಣ ಆಪರೇಷನ್ ಮಾಡುವಾಗಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸಬಹುದು. ಗಾಳಿ ತುಂಬುವುದನ್ನು ಅದು ತಡೆಯುವುದಿಲ್ಲ, ತಿರುಚಿಕೊಳ್ಳುವುದನ್ನು ಹೆಚ್ಚುಕಡಿಮೆ ತಡೆಯುತ್ತದೆ.

ಊಟ ಜಾಸ್ತಿ ಹಾಕುವುದೂ ಪ್ರೀತಿಯಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ 25% ಕಡಿಮೆ ತಿಂದು ತೆಳ್ಳಗೆ ಇದ್ದವು ಸರಾಸರಿ ಎರಡು ವರ್ಷದ ಹತ್ತಿರ ಜಾಸ್ತಿ ಬದುಕಿದವು. ಕೀಲುನೋವೂ ತಡವಾಗಿ ಬಂತು. ಸೋಮುವಿನಂಥ ಹಸಿದು ಬಂದ ನಾಯಿಯನ್ನು ಕಂಡರೆ ಎಲ್ಲರೂ ಬಟ್ಟಲು ತುಂಬಿಸಿ ತುಂಬಿಸಿ ಹಾಕುತ್ತಾರೆ, ಎರಡು ವರ್ಷದಲ್ಲಿ ನಾಯಿಯ ಸೊಂಟ ಹಿಡಿದುಕೊಂಡಿದೆ ಅಂತ ನಮ್ಮ ಹತ್ತಿರ ಬರುತ್ತಾರೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಅಷ್ಟು ಮೈ ಸಾಕು.

ಅವನ ಮೊಣಕೈ ಹೇಗಿದೆ? ಗಟ್ಟಿ ನೆಲದಲ್ಲಿ ಮಲಗಿದ ದೊಡ್ಡ ನಾಯಿಗಳಿಗೆ ಅಲ್ಲಿ ನೀರು ತುಂಬಿದ ಗಂಟು ಬರುತ್ತದೆ. ಅದನ್ನು ಚುಚ್ಚಿಸಲು ಹೋಗಬೇಡಿ, ದಪ್ಪ ಹಾಸಿಗೆ ಕೊಡಿ.

ಉದ್ದಬಾಲ

ಆಪರೇಷನ್ ವಿಷಯ ಬಂದದ್ದಕ್ಕೆ ಕೇಳುತ್ತಿದ್ದೇನೆ. ದೊಡ್ಡ ತಳಿಯ ಮರಿಗಳಿಗೆ ಬೇಗ ಮಾಡಿಸಬಾರದು ಅನ್ನುತ್ತಾರಲ್ಲ?

ಔಷಧಿಡಬ್ಬಿ

ಹೌದು, ಅದಕ್ಕೆ ಆಧಾರ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಆಪರೇಷನ್ ಆದ ಗಂಡು ನಾಯಿಗಳಲ್ಲಿ ಸೊಂಟದ ಕೀಲಿನ ತೊಂದರೆ, ಆಪರೇಷನ್ ಆಗದವುಗಳ ಎರಡು ಪಟ್ಟು ಇತ್ತು. ದೊಡ್ಡ ತಳಿಯ ಮೂಳೆ ಬೆಳೆದು ಮುಗಿಯಲು ಒಂದೂವರೆ, ಎರಡು ವರ್ಷ ಬೇಕು. ಆದರೆ ರೆಸ್ಕ್ಯೂ ಮಾಡುವವರ ಕಷ್ಟವೂ ನನಗೆ ಗೊತ್ತು, ಆಪರೇಷನ್ ಆಗದೆ ಕೊಟ್ಟರೆ ನಾಳೆ ಎಂಟು ಮರಿ ರಸ್ತೆಗೆ ಬರುತ್ತವೆ. ಬೆಳೆದ ನಾಯಿಗಳಿಗೆ ಈ ಚರ್ಚೆಯೇ ಬೇಡ. ಮರಿಯಾದರೆ ನಿಮ್ಮ ಡಾಕ್ಟರ್ ಜೊತೆ ಮಾತಾಡಿ ತಿಂಗಳು ಗೊತ್ತುಮಾಡಿ, ಒಪ್ಪಂದದಲ್ಲಿ ಬರೆಸಿಕೊಳ್ಳಿ, ಆ ತಿಂಗಳು ನೀವೇ ಹೋಗಿ ಕರೆತನ್ನಿ.

ನೇರಮಾತು

ಎಲ್ಲರೂ ತಪ್ಪು ತಿಳಿಯಬೇಡಿ. ಇಷ್ಟೆಲ್ಲಾ ಹೇಳಿದರೆ ಯಾರು ತಾನೇ ತೆಗೆದುಕೊಳ್ಳುತ್ತಾರೆ? ನಮ್ಮ ಕಡೆ ಶೆಲ್ಟರ್‌ನಲ್ಲಿ ನಿಲ್ಲಲು ಜಾಗ ಇಲ್ಲ. ದೊಡ್ಡ ನಾಯಿಗಳು ತಿಂಗಳುಗಟ್ಟಲೆ ಸಿಮೆಂಟ್ ನೆಲದ ಮೇಲೆ ಮಲಗಿವೆ. ಒಬ್ಬರು ಕೇಳಿಕೊಂಡು ಬಂದರೆ ಸಾಕಪ್ಪಾ ಅನ್ನುವ ಸ್ಥಿತಿ. ಅವರ ಮುಂದೆ ಕಾಯಿಲೆ ಪಟ್ಟಿ, ಬಾಡಿಗೆ ಕಾಗದ, ಪ್ರಶ್ನೆ ಮೇಲೆ ಪ್ರಶ್ನೆ ಇಟ್ಟರೆ ನಮಸ್ಕಾರ ಹೇಳಿ ಹೋಗಿ ಮರಿ ಕೊಂಡುಕೊಳ್ಳುತ್ತಾರೆ. ಅಪೂರ್ಣ ಮನೆಯಾದರೂ ಅದು ಮನೆ ತಾನೇ?

ಮಳೆಬೂಟು

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ನಾಯಿ ವಾಪಸ್ ಕೊಟ್ಟವಳು. ನಾಲ್ಕು ವರ್ಷ ಆಯಿತು, ಇದನ್ನು ಎಲ್ಲೂ ಬರೆದಿರಲಿಲ್ಲ.

ಜರ್ಮನ್ ಶೆಫರ್ಡ್, ಹೆಣ್ಣು, ಎರಡು ವರ್ಷ. ಕೊಟ್ಟವರು "ಯಾವ ತೊಂದರೆಯೂ ಇಲ್ಲ" ಅಂದರು. ಕಾಗದಕ್ಕೆ ಸಹಿ ಹಾಕಿಸಿ, ಫೋಟೋ ತೆಗೆದುಕೊಂಡು ಹೋದರು. ಮೊದಲ ಮೂರು ದಿನ ಅವಳು ಮಂಚದ ಕೆಳಗೇ ಇದ್ದಳು, ಊಟ ಮುಟ್ಟಲಿಲ್ಲ. ಐದನೇ ದಿನ ಹೊರಗೆ ಬಂದಳು. ಆರನೇ ದಿನ ನನ್ನ ತಮ್ಮ ಬಟ್ಟಲು ಎತ್ತಲು ಹೋದಾಗ ಹಲ್ಲು ತೋರಿಸಿ ಗುರ್ ಅಂದಳು. ಕೈ ನಡುಗಿ ಬಟ್ಟಲು ಬಿದ್ದ ಸದ್ದಿಗೆ ಇನ್ನೂ ಜಾಸ್ತಿ ಹೆದರಿ ಮೂಲೆ ಸೇರಿದಳು. ಆವತ್ತಿನಿಂದ ಮನೆಯಲ್ಲಿ ಎಲ್ಲರೂ ಗೋಡೆ ಸವರಿಕೊಂಡು ಓಡಾಡಿದೆವು.

ಕೊಟ್ಟವರಿಗೆ ಫೋನ್ ಮಾಡಿದೆ, ಎರಡು ದಿನ ಎತ್ತಲಿಲ್ಲ. ಮೂರನೇ ದಿನ "ಪ್ರೀತಿ ಕೊಡಿ, ಸರಿಹೋಗುತ್ತದೆ" ಅಂದರು. ಆಮೇಲೆ ತಿಳಿಯಿತು, ಅವರ ಹತ್ತಿರವೂ ಅವಳು ಬಟ್ಟಲಿಗೆ ಕಾವಲು ಕಾಯುತ್ತಿದ್ದಳು. ಮೊದಲೇ ಹೇಳಿದ್ದರೆ ನಾನು ಏನು ಮಾಡಬೇಕು ಅಂತ ಕಲಿತುಕೊಂಡಿರುತ್ತಿದ್ದೆ. ತಿನ್ನುವಾಗ ಹತ್ತಿರ ಹೋಗದೆ ಬಿಡುವುದು, ಬಟ್ಟಲು ಕಿತ್ತುಕೊಳ್ಳದೆ ದೂರದಿಂದಲೇ ಇನ್ನೂ ರುಚಿಯಾದ ತುಣುಕು ಎಸೆದು ಮನುಷ್ಯರು ಬಂದರೆ ಒಳ್ಳೆಯದೇ ಆಗುತ್ತದೆ ಅಂತ ತಿಳಿಸುವುದು. ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುವ ಮಾತು ಕೂಡ ಆಮೇಲೆ ಓದಿದ್ದು. ಮೂರು ದಿನ ಹೆದರಿಕೆ ಇಳಿಯಲು, ಮೂರು ವಾರ ಮನೆಯ ಕ್ರಮ ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಅಂತ ಅನಿಸಲು. ಅದು ಲೆಕ್ಕಾಚಾರವಲ್ಲ, ಅಂದಾಜು. ಆದರೆ ಆರನೇ ದಿನ ನನಗೆ ಯಾರಾದರೂ ಅಷ್ಟು ಹೇಳಿದ್ದರೂ ಸಾಕಿತ್ತು.

17ನೇ ದಿನ ವಾಪಸ್ ಕೊಟ್ಟೆ. ಗೇಟಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಅಪೂರ್ಣ ಮನೆಯೂ ಮನೆ ಅಂತೀರಿ. ನನ್ನ ಮನೆ ಕೆಟ್ಟ ಮನೆ ಆಗಿರಲಿಲ್ಲ. ಏನೂ ಗೊತ್ತಿಲ್ಲದ ಮನೆ ಆಗಿತ್ತು, ಅಷ್ಟೇ.

ನೇರಮಾತು

ಇದಕ್ಕೆ ನನ್ನ ಹತ್ತಿರ ಮರುಮಾತಿಲ್ಲ. ನಾವು ಕೂಡ ಕೊಟ್ಟ ಮೇಲೆ ಫೋನ್ ಮಾಡುವುದು ಕಡಿಮೆ, ಆಳುಗಳಿಲ್ಲ ಅಂತ. ನಿಮಗೆ ಯಾವ ದಿನ ಫೋನ್ ಬಂದಿದ್ದರೆ ಅವಳು ಉಳಿಯುತ್ತಿದ್ದಳು?

ಮಳೆಬೂಟು

ಎರಡನೇ ದಿನ ಒಂದು, ಆರನೇ ದಿನ ಒಂದು. "ಹೇಗಿದ್ದಾಳೆ" ಅಂತ ಕೇಳಿದರೆ ಚೆನ್ನಾಗಿದ್ದಾಳೆ ಅಂತಲೇ ಹೇಳುತ್ತಿದ್ದೆ. ನಾಚಿಕೆ ಇರುತ್ತದಲ್ಲ. "ನಿನ್ನೆ ನಿಮಗೆ ಯಾವಾಗ ಭಯ ಆಯಿತು" ಅಂತ ಕೇಳಬೇಕು.

ಎರಡುಬಟ್ಟಲು

ಈಗಾಗಲೇ ನಾಯಿ ಇರುವ ಮನೆಗೆ ಕೊಡುವುದಾದರೆ: ಮನೆಯ ಬಾಗಿಲಲ್ಲಿ ಮುಖಾಮುಖಿ ಮಾಡಿಸಬೇಡಿ. ಎರಡಕ್ಕೂ ಸಂಬಂಧವಿಲ್ಲದ ಖಾಲಿ ಜಾಗದಲ್ಲಿ, ಇಬ್ಬರು, ಇಪ್ಪತ್ತು ಅಡಿ ದೂರದಲ್ಲಿ, ಒಂದೇ ದಿಕ್ಕಿಗೆ ಸಾಲಾಗಿ ನಡೆಸಿ. ಬೆಲ್ಟ್ ಸಡಿಲ ಇರಲಿ. ಒಂದಕ್ಕೊಂದು ಗುರಾಯಿಸುವುದು ನಿಂತು ನೆಲ ಮೂಸಲು ಶುರುಮಾಡಿದ ಮೇಲೆ ಸ್ವಲ್ಪ ಸ್ವಲ್ಪ ಹತ್ತಿರ ಬನ್ನಿ. ನಮ್ಮವಕ್ಕೆ ನಾಲ್ಕು ದಿನ ಹಿಡಿಯಿತು. ಮನೆಯೊಳಗೆ ಬಂದ ಮೇಲೂ ಎರಡು ವಾರ ಊಟ ಬೇರೆ ಬೇರೆ ಕೋಣೆಯಲ್ಲಿ.

ಚಿಕ್ಕ ಮಕ್ಕಳಿರುವವರಿಗೆ ಇನ್ನೊಂದು. ದೊಡ್ಡ ನಾಯಿಯ ಬಾಲ ಎರಡು ವರ್ಷದ ಮಗುವಿನ ಮುಖದ ಎತ್ತರಕ್ಕೆ ಸರಿಯಾಗಿ ಬರುತ್ತದೆ. ನಮ್ಮವನ ಬಾಲ ಖುಷಿಯಲ್ಲಿ ಗೋಡೆಗೆ ಬಡಿದು ಬಡಿದು ತುದಿ ಒಡೆದು, ಗೋಡೆ ಮೇಲೆ, ಫ್ರಿಜ್ ಮೇಲೆ, ಮಗುವಿನ ಅಂಗಿ ಮೇಲೆ ರಕ್ತದ ಚುಕ್ಕಿ. ಬ್ಯಾಂಡೇಜ್ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಕೊನೆಗೆ ತುದಿಯ ಎರಡು ಇಂಚು ತೆಗೆಸಬೇಕಾಯಿತು. ಅವನು ಒಂದು ದಿನವೂ ಯಾರಿಗೂ ಗುರ್ ಅಂದವನಲ್ಲ. ಬರೀ ಗಾತ್ರದ್ದೇ ತೊಂದರೆ, ಇದನ್ನು ತಂದೆತಾಯಿಗೆ ಬಿಡಿಸಿ ಹೇಳಬೇಕು.

ಹಳೇಚಾಪೆ

ನನಗೆ 67 ವರ್ಷ. ಎಂಟು ವರ್ಷದ ಸೇಂಟ್ ಬರ್ನಾರ್ಡ್ ಅನ್ನು ತಂದೆ, 14 ತಿಂಗಳು ನನ್ನ ಜೊತೆ ಇದ್ದ. ವಯಸ್ಸಾದವರಿಗೆ ದೊಡ್ಡ ನಾಯಿ ಕೊಡಬಾರದು ಅಂತ ಬಹಳ ಜನ ಹೇಳುತ್ತಾರೆ, ಎಳೆಯ ನಾಯಿಯಾದರೆ ನಾನೂ ಒಪ್ಪುತ್ತೇನೆ. ಆದರೆ ಈ ತಳಿಗಳು ಎಂಟು ಹತ್ತು ವರ್ಷ ಬದುಕಿದರೆ ಹೆಚ್ಚು. ಎಂಟು ವರ್ಷದ ನಾಯಿಗೂ ನನ್ನ ನಡಿಗೆಗೂ ವೇಗ ಒಂದೇ. ಬೆಳಿಗ್ಗೆ ನೂರು ಹೆಜ್ಜೆ, ಸಂಜೆ ನೂರು ಹೆಜ್ಜೆ, ನಡುವೆ ಇಬ್ಬರೂ ಒರಗಿಕೊಂಡು ಕೂರುವುದು.

ನುಣುಪು ನೆಲ ಹಳೆಯ ದೊಡ್ಡ ನಾಯಿಗೆ ಶತ್ರು. ಒಂದು ಸಲ ಹಿಂಗಾಲು ಜಾರಿ ಬಿದ್ದ ಮೇಲೆ ಅವನು ಅಡುಗೆಮನೆಗೆ ಬರುವುದನ್ನೇ ಬಿಟ್ಟ, ಹೊಸ್ತಿಲ ಮೇಲೆ ನಿಂತು ನನ್ನ ಬೆನ್ನು ನೋಡುತ್ತಿದ್ದ. ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಅಡುಗೆಮನೆಗೆ, ಆಮೇಲೆ ಬಾಗಿಲವರೆಗೆ ರಬ್ಬರ್ ಚಾಪೆ ಸಾಲಾಗಿ ಹಾಸಿದೆ. ಮೂರನೇ ದಿನ ಚಾಪೆ ಮೇಲೇ ನಡೆದುಕೊಂಡು ಬಂದು ನನ್ನ ಕಾಲ ಬಳಿ ಮಲಗಿದ. ಚಾಪೆಗಳನ್ನು ಇನ್ನೂ ಇಟ್ಟಿದ್ದೇನೆ. ಬೇಕಾದವರು ಕೇಳಿ.

ಒರಗುಗೋಡೆ ಅವರೇ, ಮನೆ ನೋಡಲು ಹೋದಾಗ ಒಂದು ಗಮನಿಸಿ. ಎಲ್ಲರೂ ಮಾತಾಡುತ್ತಿರುವಾಗ ಒಬ್ಬರು ಬಾಗಿಲ ಹತ್ತಿರ ಸುಮ್ಮನೆ ನಿಂತಿರುತ್ತಾರೆ. ಅವರನ್ನು ಕೇಳಿ. ಬಹಳ ಸಲ ನಾಯಿಯ ಕೂದಲು ಗುಡಿಸುವವರು, ಮಧ್ಯಾಹ್ನ ಅದರ ಜೊತೆ ಒಬ್ಬರೇ ಇರುವವರು ಅವರೇ ಆಗಿರುತ್ತಾರೆ. ಅವರು ಒಪ್ಪದ ಮನೆಯಲ್ಲಿ ನಾಯಿ ನಿಲ್ಲುವುದಿಲ್ಲ.

ಒರಗುಗೋಡೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮಳೆಬೂಟು, ನೀವು ಬರೆದದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಮೊಣಕೈ ನೋಡಿದೆ, ಎಡಗಡೆ ಸಣ್ಣ ಗಂಟು ಇದೆ, ಹಾಸಿಗೆ ಎರಡು ಪದರ ಮಾಡಿದ್ದೇನೆ.

ಜಾಹೀರಾತು ಹೊಸದಾಗಿ ಬರೆದೆ. ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

"ಸೋಮು. ಗಂಡು, ಸುಮಾರು 3 ವರ್ಷ, ಮ್ಯಾಸ್ಟಿಫ್ ಮಿಶ್ರತಳಿ, 46 ಕೆಜಿ. ಲಸಿಕೆ, ಆಪರೇಷನ್ ಆಗಿದೆ, ಚರ್ಮದ ಕೆಳಗೆ ಗುರುತಿನ ಚಿಪ್ ಹಾಕಿಸಿದೆ. ಎರಡು ಮನೆಯಿಂದ ವಾಪಸ್ ಬಂದಿದ್ದಾನೆ, ಎರಡು ಸಲವೂ ನಾವು ಸರಿಯಾಗಿ ಹೇಳಿರಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನಿಮ್ಮ ಮಂಚದ ಪಕ್ಕ ಬಂದು ನಿಲ್ಲುತ್ತಾನೆ, ಬೊಗಳುವುದಿಲ್ಲ, ಮುಖದ ಮೇಲೆ ಉಸಿರು ಬಿಡುತ್ತಾನೆ. ಒಬ್ಬನೇ ಅರ್ಧ ಗಂಟೆ ಇರಬಲ್ಲ. ಅದಕ್ಕಿಂತ ಜಾಸ್ತಿ ಆದರೆ ಅಳುತ್ತಾನೆ, ಬಾಗಿಲು ಕೆರೆಯುತ್ತಾನೆ. ಅದನ್ನು ನಿಮಿಷ ನಿಮಿಷ ಹೆಚ್ಚಿಸುತ್ತಾ ಕಲಿಸುತ್ತಿದ್ದೇವೆ, ತಿಂಗಳುಗಳು ಬೇಕು. ಬೆಕ್ಕು ಕಂಡರೆ ಎಳೆಯುತ್ತಾನೆ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಮೈಗೆ ಹಾಕುವ ಪಟ್ಟಿ) ಹಾಕಿದರೆ ಹಿಡಿತಕ್ಕೆ ಸಿಗುತ್ತಾನೆ, ಕತ್ತಿಗೆ ಬಿಗಿಯುವ ಸರಪಳಿ ಬೇಡವೇ ಬೇಡ. ಬೆಕ್ಕಿರುವ ಮನೆ, ಐದು ವರ್ಷದೊಳಗಿನ ಮಕ್ಕಳಿರುವ ಮನೆ ಬೇಡ. ಹಗಲು ಮನೆಯಲ್ಲಿ ಒಬ್ಬರು ಇರಬೇಕು. ಡಾಕ್ಟರ್ ಹತ್ತಿರ ಬಾಯಿಗೆ ಬುಟ್ಟಿ ಮಜಲ್ ಹಾಕಿಸಿಕೊಳ್ಳುತ್ತಾನೆ, ಅಭ್ಯಾಸ ಮಾಡಿಸಿದ್ದೇವೆ. ಯಾರು ನಿಂತಿದ್ದರೂ ಬಂದು ಒರಗುತ್ತಾನೆ. ಯಾವ ಕಾರಣಕ್ಕೆ, ಯಾವ ದಿನ, ಎಷ್ಟು ವರ್ಷ ಆದ ಮೇಲೆ ಬೇಡವಾದರೂ ನಮಗೇ ವಾಪಸ್ ಕೊಡಬೇಕು."

ಹಳೆಯ ಜಾಹೀರಾತಿಗೆ ಅರವತ್ತಕ್ಕೂ ಜಾಸ್ತಿ ಫೋನ್ ಬಂದಿತ್ತು. ನೋಡೋಣ.

ನೇರಮಾತು

ಚೆನ್ನಾಗಿದೆ. ನಾನು ನಮ್ಮ ಶೆಲ್ಟರ್‌ನ ಇಬ್ಬರಿಗೆ ಹೀಗೇ ಬರೆಯುತ್ತೇನೆ, ಈ ವಾರವೇ.

ಒರಗುಗೋಡೆ

ಐದು ವಾರ ಆಯಿತು. ಫೋನ್ ಬಂದದ್ದು ನಾಲ್ಕು. ಒಬ್ಬರು ಕಾವಲಿಗೆ ಕೇಳಿದರು, ಒಬ್ಬರ ಮನೆಯಲ್ಲಿ ಬೆಕ್ಕು, ಇನ್ನೊಬ್ಬರು ಮತ್ತೆ ಮಾಡುತ್ತೇನೆ ಅಂದವರು ಮಾಡಲಿಲ್ಲ. ನಾಲ್ಕನೆಯವರು ಇಬ್ಬರು ಅಕ್ಕತಂಗಿಯರು, ಐವತ್ತರ ಆಸುಪಾಸು, ಮನೆಯಲ್ಲೇ ಹೊಲಿಗೆ ಕೆಲಸ. ಮೊದಲು ರಾಟ್‌ವೀಲರ್ ಸಾಕಿದ್ದರು, ವಯಸ್ಸಾಗಿ ಹೋಯಿತು.

ತಂಗಿ ಜಾಹೀರಾತನ್ನು ಕಾಗದಕ್ಕೆ ಬರೆದಿಟ್ಟುಕೊಂಡು ಒಂದೊಂದೇ ಸಾಲು ಕೇಳಿದರು. ಅಕ್ಕ ಬಾಗಿಲ ಬಳಿ ನಿಂತಿದ್ದರು, ಒಂದು ಮಾತಿಲ್ಲ. ಹಳೇಚಾಪೆ ಅವರ ಮಾತು ನೆನಪಾಗಿ ಹೊರಗೆ ಕರೆದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಹಳೆಯ ನಾಯಿಗೆ ಕೊನೆಗೆ ಏಳಲು ಆಗುತ್ತಿರಲಿಲ್ಲ, ಎತ್ತಲು ಹೋಗಿ ನನ್ನ ಬೆನ್ನು ಹೋಯಿತು, ಮತ್ತೆ ಅದೇ ಆದರೆ ಏನು ಮಾಡುವುದು ಅಂತ ಭಯ, ತಂಗಿಗೆ ಹೇಳಿದರೆ ಬೇಡ ಅಂದುಬಿಡುತ್ತಾಳೆ ಅಂತ ಇನ್ನೊಂದು ಭಯ. ಅವರಿಗೆ ನಾಯಿ ಬೇಕಿತ್ತು. ಮೂವರೂ ಕೂತು ಮಾತಾಡಿದೆವು. ಎರಡು ಮೆಟ್ಟಿಲಿಗೆ ಇಳಿಜಾರು ಹಲಗೆ ಮಾಡಿಸಿದರು. ಮೂರನೇಮಹಡಿ ಹೇಳಿದ ಪಟ್ಟಿ ತಂದರು, ಸೋಮುವನ್ನೇ ಎತ್ತಿ ಅಭ್ಯಾಸ ಮಾಡಿದರು. ಅವನು ನಾಲ್ಕೂ ಕಾಲು ಇಳಿಬಿಟ್ಟು ಆರಾಮಾಗಿ ನೇತಾಡಿದ.

ಮನೆಯಲ್ಲಿ ಎಲ್ಲರಿಗಿಂತ ಹಗುರ ಇರುವವರ ಕೈಗೇ ಬೆಲ್ಟ್ ಕೊಡಬೇಕು ಅಂತ ತೀರ್ಮಾನ ಮಾಡಿದ್ದೆ. ತಂಗಿ 48 ಕೆಜಿ, ನಾಯಿಗಿಂತ ಎರಡೇ ಕೆಜಿ ಜಾಸ್ತಿ. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನಡೆಸಿದರು. ಎರಡನೇ ದಿನ ಬೆಕ್ಕು ಬಂತು. ಅವನು ಎಳೆದ, ಹಾರ್ನೆಸ್ ಅವನನ್ನು ಪಕ್ಕಕ್ಕೆ ತಿರುಗಿಸಿತು. ಅವರು ಎರಡು ಹೆಜ್ಜೆ ಜಾರಿದರು, ಬೀಳಲಿಲ್ಲ, ಕೈ ಬಿಡಲಿಲ್ಲ. ಮೂರು ವಾರ ಟ್ರಯಲ್ ಅಂತ ಬರೆದು ಕೊಟ್ಟು ಬಂದೆ.

ಎರಡನೇ ದಿನ ಫೋನ್ ಮಾಡಿ ಯಾವಾಗ ಭಯ ಆಯಿತು ಅಂತ ಕೇಳಿದೆ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಮುಂದೆ ನಿಂತು ಅಳುತ್ತಿದ್ದ, ನಿಮ್ಮನ್ನು ಹುಡುಕುತ್ತಿದ್ದಾನೆ ಅನಿಸಿತು, ತಪ್ಪು ಮಾಡಿದೆವಾ ಅಂತ ಭಯ ಆಯಿತು ಅಂದರು. ಹಾಸಿಗೆಯನ್ನು ಅಕ್ಕನ ಮಂಚದ ಪಕ್ಕಕ್ಕೆ ಎಳೆಯಲು ಹೇಳಿದೆ. ಆರನೇ ದಿನ ಕೇಳಿದಾಗ ಅವರ ಹತ್ತಿರ ಹೇಳಲು ಏನೂ ಇರಲಿಲ್ಲ.

ನಿನ್ನೆಗೆ ಮೂರು ವಾರ ಮುಗಿಯಿತು. ಚಿಪ್‌ನ ದಾಖಲೆಯಲ್ಲಿ ಮನೆಯವರ ಹೆಸರು ಬದಲಾಯಿಸಿ ಬಂದೆವು. ಬೆಳಿಗ್ಗೆ ಒಂದು ಫೋಟೋ ಕಳಿಸಿದ್ದಾರೆ. ಅಕ್ಕ ಹೊಲಿಗೆ ಮಿಷನ್ ಪಕ್ಕ ನಿಂತಿದ್ದಾರೆ, ಸೋಮು ಒರಗಿದ್ದಾನೆ, ಅವರ ಒಂದು ಕೈ ಗೋಡೆ ಮೇಲಿದೆ.

ಹಳೇಚಾಪೆ ಅವರೇ, ಶುಕ್ರವಾರ ಒಂಬತ್ತು ವರ್ಷದ ಡೇನ್ ಬರುತ್ತಿದ್ದಾಳೆ. ಹಿಂಗಾಲು ಜಾರುತ್ತದಂತೆ. ನಿಮ್ಮ ಚಾಪೆಗಳು ಬೇಕು.

ಹಳೇಚಾಪೆ

ತೊಳೆದು ಒಣಗಿಸುತ್ತೇನೆ. ಒಂಬತ್ತು ವರ್ಷ ಅಂದಿರಿ ಅಲ್ವಾ. ಚಾಪೆ ತರುವಾಗ ಅವಳನ್ನೂ ಒಮ್ಮೆ ನೋಡಿಕೊಂಡು ಹೋಗಲಾ?